ಕೆಬಿರುಂಗಿಯ ಬೆಳಗಿನ ಬಟ್ಟಲು

ಕಗರಾಮದ ಗುಡ್ಡ ಹತ್ತಿ ಬಂದವರು ಯಾರೇ ಆಗಿರಲಿ, ಕೆಬಿರುಂಗಿಯ ಅಂಗಳದಲ್ಲಿ ಒಂದು ಬಟ್ಟಲು ಅಂಬಲಿ ಕುಡಿಯದೆ ಮುಂದೆ ಹೋಗುವಂತಿರಲಿಲ್ಲ. ಚರ್ಚಿನ ಬೋಧಕರು ಬಂದರೂ ಅಷ್ಟೆ, ಕಳೆದುಹೋದ ಮೇಕೆ ಹುಡುಕುತ್ತ ಬಂದವರಾದರೂ ಅಷ್ಟೆ. ಬಂದ ಕಾರಣ ಕೇಳುವುದು ಆಮೇಲೆ. ಮೊದಲು ಒಳಗಿನಿಂದ ಸೋರೆಯ ಬಟ್ಟಲು ಬರಬೇಕು, ಕೆಬಿರುಂಗಿ ಅದರಿಂದ ತಾನೊಂದು ಗುಟುಕು ಕುಡಿಯಬೇಕು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಬಂದವರಿಗೆ ಕೊಡಬೇಕು. ಕೊಡುವವಳು ತಾನೇ ಮೊದಲು ಕುಡಿದು ತೋರಿಸಿದ ಮೇಲೂ ಬೇಡವೆಂದರೆ, ನಿನ್ನ ಕೈಯಲ್ಲಿ ವಿಷವಿದೆ ಎಂದು ಮುಖಕ್ಕೆ ಹೇಳಿದಂತೆ. ಕಿಗೆಜಿಯ ಗುಡ್ಡಗಳಲ್ಲಿ ಒಂದು ಬಟ್ಟಲು ಬೇಡವೆಂದ ಕಾರಣಕ್ಕೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ.

ಅವಳ ಅಂಬಲಿಗೆ ಹೆಸರೂ ಇತ್ತು. ಕೆಂಪು ಜೋಳವನ್ನು ಒಲೆಯ ಬೂದಿಯಲ್ಲಿ ಕಲಸಿ ನೆನೆಹಾಕಿ, ಬಾಳೆ ಎಲೆ ಹೊದಿಸಿ ಕತ್ತಲಲ್ಲಿ ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ ಬೀಸುವಳು. ಆ ಹಿಟ್ಟನ್ನು ಕಾಯಿಸಿದ ನೀರಿಗೆ ಕದಡಿ ಒಂದು ರಾತ್ರಿ ಬಿಟ್ಟರೆ, ಚಿಟಿಕೆ ಸಕ್ಕರೆಯಿಲ್ಲದೆ ಬೆಳಗಿನ ಹೊತ್ತಿಗೆ ಕಬ್ಬಿನ ಹಾಲಿನಷ್ಟು ಸಿಹಿ. ನಾಲ್ಕು ದಿನ ಬಿಟ್ಟರೆ ಹುಳಿ ಬಂದು ಮೂಗಿಗೆ ಹೊಡೆಯುತ್ತದೆ. ಹುಳಿಯದು ಹೊಲಕ್ಕೆ ಹೋಗುವ ಗಂಡಸರಿಗೆ, ಸಿಹಿಯದು ಮಕ್ಕಳಿಗೆ ಮತ್ತು ಬಸುರಿಯರಿಗೆ.

ಈ ಹದವನ್ನು ಅವಳಿಗೆ ಕಲಿಸಿದ್ದು ಅವಳ ಅತ್ತೆ. ಹದಿನೇಳರ ಹುಡುಗಿಯಾಗಿ ಆಚೆ ಗುಡ್ಡದಿಂದ ಮದುವೆಯಾಗಿ ಬಂದ ಕೆಬಿರುಂಗಿಗೆ ಈ ಮನೆಯಲ್ಲಿ ಪ್ರೀತಿ ಎಂದು ಗುರುತು ಸಿಕ್ಕಿದ್ದೇ ಆ ಬಟ್ಟಲಿನಿಂದ. ಅತ್ತೆಗೆ ಮಾತು ಒರಟು. ಆದರೆ ಸೊಸೆ ಬಸುರಿ ಎಂದು ತಿಳಿದ ದಿನದಿಂದ, ಬೆಳಗ್ಗೆ ಸೊಸೆ ಮುಖ ತೊಳೆಯುವ ಹೊತ್ತಿಗೆ ಸಿಹಿ ಅಂಬಲಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಏಳು ಬಸಿರು, ಏಳು ಸಲವೂ ಬಟ್ಟಲು ತಪ್ಪಲಿಲ್ಲ. ಏಳರಲ್ಲಿ ಐದು ಮಕ್ಕಳು ಉಳಿದರು. ಕಡೆಯವನು ಎನೋಸ್. ಗಂಡ ತೀರಿಕೊಂಡ ಮೇಲೆ ಎನೋಸನ ಜೊತೆ ಉಳಿದ ಕೆಬಿರುಂಗಿ, ತಾನು ಅತ್ತೆಯಾದಾಗ ಏನು ಮಾಡಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಎನೋಸನ ಹೆಂಡತಿ ಜೋವಿಯ ಮಿತಭಾಷಿ, ಕೆಲಸದಲ್ಲಿ ಚುರುಕು. ಮೊದಲ ಸಲ ಬಸುರಿಯಾದಾಗ ಅವಳ ಹೊಟ್ಟೆ ನೋಡಿದವರೆಲ್ಲ ಹೊಗಳಿದರು. ಆರನೇ ತಿಂಗಳಿಗೇ ಎಂಟರ ಹಾಗಿದೆ, ಕೆಬಿರುಂಗಿಯ ಜೋಳ ಸುಮ್ಮನೆ ಹೋಗಿಲ್ಲ ಎಂದರು. ಆ ಮಾತು ಕೇಳಿ ಕೆಬಿರುಂಗಿ ಬಟ್ಟಲನ್ನು ದಿನಕ್ಕೆ ಎರಡು ಮಾಡಿದಳು. ನೋವು ಬಂದದ್ದು ಮಳೆ ಬಿದ್ದು ಗುಡ್ಡ ಜಾರುತ್ತಿದ್ದ ದಿನ. ಕಾಯಿಲೆಯವರನ್ನು ಹೊರಲೆಂದೇ ಊರಿನವರು ಕಟ್ಟಿಕೊಂಡಿದ್ದ ಡೋಲಿ ಸಂಘದ ಗಂಡಸರು ಬಿದಿರಿನ ಡೋಲಿಯಲ್ಲಿ ಅವಳನ್ನು ಮಲಗಿಸಿ, ಹೆಗಲು ಬದಲಿಸುತ್ತ ಕೆಳಗಿಳಿದರು. ಆರೋಗ್ಯ ಕೇಂದ್ರ ತಲುಪುವಷ್ಟರಲ್ಲಿ ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತ್ತು. ಹುಟ್ಟಿದ ಮಗು ನಾಲ್ಕೂಮುಕ್ಕಾಲು ಕಿಲೊ, ಮೂರು ತಿಂಗಳ ಕೂಸಿನಂಥ ಕೆನ್ನೆ. ಉಸಿರು ಮಾತ್ರ ಇರಲಿಲ್ಲ.

ಊರಿನವರು ಕಣ್ಣು ಬಿತ್ತು ಎಂದರು. ಅಷ್ಟು ಹೊಗಳಬಾರದಿತ್ತು ಎಂದು ಹೊಗಳಿದವರೇ ಹೇಳಿದರು. ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ಜೋವಿಯ ಮತ್ತೆ ಬಸುರಿಯಾದಾಗ ಆರೋಗ್ಯ ಕೇಂದ್ರಕ್ಕೆ ಹೊಸ ದಾದಿ ಬಂದಿದ್ದಳು. ಹೆಸರು ಪ್ರಿಸ್ಕ. ಪೂರ್ವದ ಬುಸೋಗ ಕಡೆಯವಳು. ಗುಡ್ಡದ ಮಾತನ್ನು ಬಯಲಿನ ರಾಗದಲ್ಲಿ ಆಡುತ್ತಿದ್ದಳು, ಬೆಂಚಿನ ಮೇಲೆ ಕೂತ ಹೆಂಗಸರು ಶಾಲಿನೊಳಗೆ ನಗುತ್ತಿದ್ದರು. ಆದರೆ ಕಾರ್ಡು ನೋಡಿದ ಕೂಡಲೇ ಅವಳು ಕೇಳಿದ್ದು ಇನ್ನಾರೂ ಕೇಳದ ಪ್ರಶ್ನೆ: ಹೋದ ಮಗುವಿನ ತೂಕ ಎಷ್ಟಿತ್ತು? ಜೋವಿಯ ಹೇಳಿದಳು. ಪ್ರಿಸ್ಕ ಪೆನ್ನು ಕೆಳಗಿಟ್ಟು, ಆರನೇ ತಿಂಗಳು ಹಿಡಿದ ಕೂಡಲೇ ಮಂಗಳವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಾ ಎಂದಳು.

ಆ ಮಂಗಳವಾರ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದಳು, ಸಕ್ಕರೆ ಪುಡಿ ಕದಡಿದ ನೀರು ಕುಡಿಸಿ ಕೂರಿಸಿದಳು, ಒಂದು ಗಂಟೆಯ ಮೇಲೊಮ್ಮೆ, ಎರಡು ಗಂಟೆಯ ಮೇಲೊಮ್ಮೆ ಮತ್ತೆ ಚುಚ್ಚಿದಳು. ಮೂರು ಸಲವೂ ಲೆಕ್ಕ ಮೇಲಿತ್ತು. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಇದು, ತಾಯಿಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಗುವಿಗೂ ಹೋಗುತ್ತದೆ, ಮಗು ಮಿತಿಮೀರಿ ಬೆಳೆಯುತ್ತದೆ, ದಾರಿ ಸಾಲದೆ ಸಿಕ್ಕಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದಳು. ಗೆಣಸು ಒಂದು ಮುಷ್ಟಿ ಮೀರಬಾರದು, ಹುರುಳಿಕಾಯಿ ಬೀಜ, ಬಟಾಣಿ, ದಂಟಿನ ಸೊಪ್ಪು ಬೇಕಾದಷ್ಟು ತಿನ್ನಬಹುದು. ಟೀಗೆ ಸಕ್ಕರೆ ಬೇಡ, ಊಟವಾದ ಮೇಲೆ ಅರ್ಧ ಗಂಟೆ ನಡೆಯಬೇಕು. ಪ್ರತಿ ಮಂಗಳವಾರ ಬರಿಹೊಟ್ಟೆಯಲ್ಲಿ ಬಂದು ಬೆರಳು ಕೊಡಬೇಕು.

ಜೋವಿಯ ಚಾಚೂ ತಪ್ಪದೆ ನಡೆದಳು. ಹಸಿವಾದರೆ ಸೊಪ್ಪು, ಮತ್ತೂ ಹಸಿವಾದರೆ ಮತ್ತೂ ಸೊಪ್ಪು. ಕೆಬಿರುಂಗಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಸಿಹಿ ಕಾಯಿಲೆ ಅಂತ ಹೇಳಿ ಸಿಹಿನೀರೇ ಕುಡಿಸಿದಳಂತಲ್ಲ ಎಂದು ಮಗನ ಹತ್ತಿರ ಗೊಣಗಿದಳು. ಆದರೂ ಸೊಸೆಯ ತಟ್ಟೆಗೆ ಗೆಣಸು ಮುಷ್ಟಿ ಹಿಡಿದೇ ಬಡಿಸಿದಳು, ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಬಟ್ಟಲಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಅದು ತಿನ್ನುವುದೂ ಅಲ್ಲ, ಕುಡಿಯುವುದೂ ಅಲ್ಲ, ಬೆಳಗ್ಗೆ ಎದ್ದು ಮುಖ ತೊಳೆದಂತೆ. ಬರಿಹೊಟ್ಟೆಯೇನಮ್ಮ ಎಂದು ದಾದಿ ಕೇಳಿದರೆ ಜೋವಿಯ ಹೌದೆನ್ನುತ್ತಿದ್ದಳು. ಟೀ ಕುಡಿದೆಯಾ ಎಂದರೆ ಇಲ್ಲ. ಎರಡರಲ್ಲಿ ಒಂದೂ ಸುಳ್ಳಲ್ಲ ಎಂದೇ ಅವಳು ನಂಬಿದ್ದಳು.

ಮೂರು ಮಂಗಳವಾರವೂ ಲೆಕ್ಕ ಒಂಬತ್ತರ ಹತ್ತಿರವೇ ನಿಂತಿತು. ಆ ಯಂತ್ರದ ಅಳತೆಯಲ್ಲಿ ಐದರ ಆಸುಪಾಸು ಇರಬೇಕಾದದ್ದು. ಪ್ರಿಸ್ಕ ಬೈಯಲಿಲ್ಲ, ಆದರೆ ಮುಖ ಗಂಟಾಯಿತು. ಬರುವ ವಾರವೂ ಹೀಗೇ ಇದ್ದರೆ ಕಬಾಲೆ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ, ದಿನಾ ಸೂಜಿ ಮದ್ದು ಬೇಕಾಗುತ್ತದೆ, ಅದನ್ನು ತಂಪಿನಲ್ಲಿಡಬೇಕು, ಗುಡ್ಡದ ಮೇಲೆ ಆಗದ ಕೆಲಸ, ಹೆರಿಗೆಯವರೆಗೂ ಅಲ್ಲೇ ಇರಬೇಕಾಗಬಹುದು ಎಂದಳು. ಜೋವಿಯ ಮನೆಗೆ ಬಂದು ಇಷ್ಟನ್ನೂ ಒಪ್ಪಿಸಿ, ಸೊಪ್ಪು ಸೋಸಲು ಕೂತಳು. ಸೋಸಿದ ಸೊಪ್ಪನ್ನೇ ಅವಳು ಮತ್ತೆ ಸೋಸುವುದನ್ನು ಕೆಬಿರುಂಗಿ ನೋಡಿದಳು. ಈ ಮಗುವೂ ಅದೇ ದಾರಿ ಹಿಡಿದಿದೆ ಎಂದು ಇಬ್ಬರ ಮನಸ್ಸಿನಲ್ಲೂ ಇತ್ತು.

ಮುಂದಿನ ಮಂಗಳವಾರ ಕೆಬಿರುಂಗಿ ತಾನೂ ಜೊತೆಗೆ ಹೊರಟಳು. ಅವಸರದಲ್ಲಿ ಮನೆಯಲ್ಲಿ ಬಟ್ಟಲು ಕೊಡಲಾಗಿರಲಿಲ್ಲ. ಅದಕ್ಕೆಂದೇ ಸೋರೆಬುರುಡೆಯಲ್ಲಿ ಸಿಹಿ ಅಂಬಲಿ ತುಂಬಿ, ಬಾಯಿಗೆ ಬಾಳೆ ಎಲೆ ಕಟ್ಟಿ, ಎರಡು ಬಟ್ಟಲುಗಳ ಜೊತೆ ಶಾಲಿನಡಿ ಹಿಡಿದುಕೊಂಡಳು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತ ಮೇಲೆ ಬುರುಡೆ ಬಿಚ್ಚಿ, ಬಟ್ಟಲಿಗೆ ಸುರಿದು, ತಾನೊಂದು ಗುಟುಕು ಕುಡಿದು, ಸೊಸೆಯ ಕೈಗಿತ್ತಳು. ಜೋವಿಯ ಬಟ್ಟಲನ್ನು ತುಟಿಗೆ ತಂದಿದ್ದಳು. ಆಗಲೇ ಪ್ರಿಸ್ಕ ಅವಳ ಹೆಸರು ಕೂಗಲು ಬಾಗಿಲಿಗೆ ಬಂದದ್ದು.

"ಜೋವಿಯ, ಕೈಯಲ್ಲಿ ಏನದು?" ಎಂದು ಕೇಳಿದಳು ಪ್ರಿಸ್ಕ.

"ಏನಿಲ್ಲ ಸಿಸ್ಟರ್," ಎಂದಳು ಜೋವಿಯ. "ಅತ್ತೆ ಕೊಡೋ ಅಂಬಲಿ."

"ಬರಿಹೊಟ್ಟೇಲಿ ಬಾ ಅಂದಿದ್ದೆನಲ್ಲಮ್ಮ."

ಉತ್ತರ ಕೊಟ್ಟವಳು ಕೆಬಿರುಂಗಿ. "ಬರಿಹೊಟ್ಟೇನೇ ತಾಯಿ. ಒಂದು ತುಂಡು ಗೆಣಸು ಬಾಯಿಗೆ ಹಾಕಿಲ್ಲ. ಇದು ಊಟ ಅಲ್ಲ, ಬೆಳಗಿಂದು. ನೀವೂ ಒಂದು ಬಟ್ಟಲು ತಗೊಳ್ಳಿ, ಬೆಳಗ್ಗೆಯಿಂದ ನಿಂತೇ ಇದೀರಿ."

ಎಂದವಳೇ ಇನ್ನೊಂದು ಬಟ್ಟಲು ತುಂಬಿ, ಗುಟುಕು ಕುಡಿದು ಚಾಚಿದಳು. ಪ್ರಿಸ್ಕ ಬಟ್ಟಲನ್ನು ಎರಡು ಕೈಯಲ್ಲಿ ತೆಗೆದುಕೊಂಡಳೇನೋ ಸರಿ. ಆದರೆ ಬೆರಳ ತುದಿಯಿಂದ ಒಂದು ಹನಿ ನಾಲಗೆಗೆ ಮುಟ್ಟಿಸಿ ನೋಡಿ, "ಇದರಲ್ಲಿ ಎಷ್ಟು ಸಕ್ಕರೆ ಹಾಕಿದೀರಿ?" ಎಂದು ಕೇಳಿ, ಬಟ್ಟಲನ್ನು ಹಾಗೇ ಮೇಜಿನ ಮೇಲಿಟ್ಟಳು. ಕೆಬಿರುಂಗಿಯ ಜೀವಮಾನದಲ್ಲಿ ಅವಳ ಬಟ್ಟಲನ್ನು ಯಾರೂ ಕುಡಿಯದೆ ಕೆಳಗಿಟ್ಟಿರಲಿಲ್ಲ. ದಾದಿಯ ರಾಗಕ್ಕೆ ನಗುತ್ತಿದ್ದ ಬೆಂಚಿನ ಹೆಂಗಸರು ನಗು ನಿಲ್ಲಿಸಿದರು.

"ಒಂದು ಚಿಟಿಕೆ ಹಾಕಿಲ್ಲ," ಎಂದಳು ಕೆಬಿರುಂಗಿ, ದನಿ ಗಟ್ಟಿ ಮಾಡಿ. "ಸಕ್ಕರೆ ಹಾಕೋರು ಜೋಳ ಮೊಳಕೆ ಕಟ್ಟೋಕೆ ಬಾರದೋರು."

ಪ್ರಿಸ್ಕ ಕುರ್ಚಿ ಎಳೆದುಕೊಂಡು ಅವಳ ಎದುರೇ ಕೂತಳು. ಜೋಳವನ್ನು ಹೇಗೆ ಮೊಳಕೆ ಕಟ್ಟುತ್ತೀರಿ, ಎಷ್ಟು ದಿನ, ಬೂದಿ ಯಾಕೆ, ದಿನಾ ಎಷ್ಟು ಕೊಡುತ್ತೀರಿ ಎಂದು ಒಂದೊಂದಾಗಿ ಕೇಳಿದಳು. ಕೆಬಿರುಂಗಿ ಮುನಿಸಿನಲ್ಲೇ ಹೇಳತೊಡಗಿದವಳು, ಅಂಬಲಿಯ ಮಾತು ಬಂದಾಗ ತನ್ನಷ್ಟಕ್ಕೇ ಹುರುಪಿಗೆ ಬಂದು ಎಲ್ಲವನ್ನೂ ಹೇಳಿಬಿಟ್ಟಳು. ಕೊನೆಗೆ ಪ್ರಿಸ್ಕ ಒಂದೇ ಒಂದು ಬೇಡಿಕೆ ಇಟ್ಟಳು: ಇವತ್ತು ಇಬ್ಬರೂ ಇಲ್ಲೇ ದಿನ ತುಂಬಿದವರು ಉಳಿಯುವ ಕೋಣೆಯಲ್ಲಿ ಇರಿ, ನಾಳೆ ಬೆಳಗ್ಗೆ ಬಟ್ಟಲು ಇಲ್ಲದೆ ಒಮ್ಮೆ ನೋಡೋಣ, ಬಟ್ಟಲು ಕೊಟ್ಟು ಒಮ್ಮೆ ನೋಡೋಣ.

ಬೆಳಗ್ಗೆ ಜೋವಿಯಳ ಬೆರಳು ಚುಚ್ಚಿದಾಗ ಯಂತ್ರ ಐದು ಪಾಯಿಂಟ್ ನಾಲ್ಕು ಎಂದಿತು. ಇರಬೇಕಾದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿ, ಅಷ್ಟೆ. ಆಮೇಲೆ ಪ್ರಿಸ್ಕ ಕೆಬಿರುಂಗಿಗೇ ಹೇಳಿ ಬಟ್ಟಲು ಕೊಡಿಸಿದಳು. ಒಂದು ಗಂಟೆ ಕಳೆಯಿತು. ಮತ್ತೆ ಚುಚ್ಚಿದಾಗ ಹನ್ನೊಂದೂವರೆ. ಪ್ರಿಸ್ಕ ಯಂತ್ರವನ್ನು ಕೆಬಿರುಂಗಿಯ ಕಡೆಗೆ ತಿರುಗಿಸಿ ಹಿಡಿದಳು. ಕೆಬಿರುಂಗಿಗೆ ಓದು ಬಾರದು. ಆದರೆ ಸಂತೆಯಲ್ಲಿ ಅಂಬಲಿ ಮಾರಿದವಳಿಗೆ ಅಂಕಿ ಚೆನ್ನಾಗಿ ಬರುತ್ತಿತ್ತು.

"ಮೊಳಕೆ ಬಂದ ಕಾಳಲ್ಲಿ ಸಕ್ಕರೆ ತಾನಾಗೇ ಹುಟ್ಟುತ್ತೆ ಅವ್ವಾ," ಎಂದಳು ಪ್ರಿಸ್ಕ. "ನೀವು ಹಾಕಬೇಕಾಗಿಲ್ಲ. ನಿಮ್ಮ ಕೈ ಹದ ಅಷ್ಟು ಚೆನ್ನಾಗಿದೆ."

ಕೆಬಿರುಂಗಿ ಆ ಅಂಕಿಯನ್ನೇ ನೋಡುತ್ತ ಕೂತಳು. ಆಮೇಲೆ ಹೇಳಿದಳು: "ಸಿಸ್ಟರ್, ಮೊದಲನೇ ಕೂಸಿಗೆ ನಾನು ದಿನಾ ಎರಡು ಬಟ್ಟಲು ಕೊಟ್ಟಿದ್ದೆ."

ಜೋವಿಯ ತಲೆ ತಗ್ಗಿಸಿದಳು. ಪ್ರಿಸ್ಕ ಯಂತ್ರವನ್ನು ಮೇಜಿನ ಮೇಲಿಟ್ಟಳು.

"ಆ ಸಲ ಯಾರೂ ಇವಳ ಬೆರಳು ಚುಚ್ಚಿ ನೋಡಲಿಲ್ಲ," ಎಂದಳು. "ನೋಡದೆ ಇದ್ದದ್ದನ್ನ ನಾನು ಹಿಂಗೇ ಆಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕಾಯಿಲೆ ನಿಮ್ಮ ಬಟ್ಟಲಿಂದ ಬಂದದ್ದಲ್ಲ ಅವ್ವಾ. ಬಸುರಲ್ಲಿ ಕೆಲವರ ಮೈಗೆ ಸಕ್ಕರೆ ಅರಗಿಸೋ ಶಕ್ತಿ ಸಾಲಲ್ಲ. ಹೊರಲಾರದವಳ ತಲೆ ಮೇಲೆ ಬಟ್ಟಲು ಇನ್ನೊಂದು ಹೊರೆ ಇಡ್ತು. ನಿನ್ನೆ ನೀವು ಎಲ್ಲರ ಮುಂದೆ ಅದನ್ನ ಹೊರಗೆ ತೆಗೀದೆ ಇದ್ದಿದ್ರೆ, ನನಗೆ ಗೊತ್ತೇ ಆಗ್ತಿರಲಿಲ್ಲ. ನಾನೂ ಸರಿಯಾಗಿ ಕೇಳಲಿಲ್ಲ. ನಮ್ಮ ಕಡೆ ಬೆಳಗ್ಗೆ ಈ ಪದ್ಧತಿ ಇಲ್ಲ."

ಸೂಜಿ ಮದ್ದಿಗೆ ಈಗಲೇ ಕಳಿಸುವುದಿಲ್ಲ, ಎರಡು ವಾರ ನೋಡುತ್ತೇನೆ ಎಂದು ಹೇಳಿ ಕಾರ್ಡು ಬರೆದುಕೊಟ್ಟಳು. ಮೇಜಿನ ಮೇಲೆ ನಿನ್ನೆಯ ಬಟ್ಟಲು ಹಾಗೇ ಇತ್ತು. ಅದನ್ನು ತೊಳೆದು, ಎರಡು ಕೈಯಲ್ಲಿ ಕೆಬಿರುಂಗಿಗೆ ವಾಪಸು ಕೊಟ್ಟಳು. ಒಂದು ದಿನ ಖಂಡಿತ ಕುಡಿಯುತ್ತೇನೆ, ಇವತ್ತು ಕ್ಷಮಿಸಿ ಎಂದಳು.

ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ, ಗೆಣಸಿನ ಪಾತಿಗಳ ಬದುವಿನ ಮೇಲೆ ಇಬ್ಬರೂ ಸುಧಾರಿಸಿಕೊಳ್ಳಲು ಕೂತರು. ನಿನಗೆ ಒಂದು ದಿನವೂ ಅನುಮಾನ ಬರಲಿಲ್ಲವೇ ಎಂದು ಕೆಬಿರುಂಗಿ ಕೇಳಿದಳು. ಜೋವಿಯ ಒಂದು ಹುಲ್ಲಿನ ಕಡ್ಡಿ ಕಿತ್ತು ಮುರಿದಳು.

"ಹೋದ ವಾರ ಒಂದ್ಸಲ ಬಂದಿತ್ತು ಅತ್ತೆ," ಎಂದಳು. "ಆದ್ರೆ ಆ ಮಗು ಹೋದಾಗ ಊರವರು ನನ್ನ ನೆರಳು ಕಂಡ್ರೂ ದಾರಿ ಬದಲಿಸ್ತಿದ್ರು. ಎನೋಸೂ ನನ್ನ ಮುಖ ನೋಡ್ತಿರಲಿಲ್ಲ. ನೀವೊಬ್ಬರೇ ಬೆಳಗಾದ್ರೆ ಬಟ್ಟಲು ಹಿಡ್ಕೊಂಡು ಬಾಗಿಲಿಗೆ ಬರ್ತಿದ್ರಿ. ಅದನ್ನ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?"

ಕೆಬಿರುಂಗಿ ಎದ್ದು ಸೊಸೆಯ ಕೈಹಿಡಿದು ಎಬ್ಬಿಸಿದಳು. ಈ ಹುಡುಗಿ ತನ್ನನ್ನು ನೋಯಿಸಬಾರದೆಂದು ಹೊಟ್ಟೆಯ ಮಗುವನ್ನೇ ಪಣಕ್ಕಿಡುವುದರಲ್ಲಿದ್ದಳಲ್ಲ ಎಂದು ನೆನೆಯುತ್ತ, ಏರು ಮುಗಿಯುವವರೆಗೂ ಆ ಕೈ ಬಿಡಲಿಲ್ಲ.

ಮಾರನೆಯ ದಿನ ಬೆಳಗಾದಾಗ ಕೆಬಿರುಂಗಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಲವತ್ತು ವರ್ಷದ ಅಭ್ಯಾಸ. ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದೇ ಸೋರೆಯ ಬಟ್ಟಲಿಗೆ ಬಿಸಿನೀರು ಸುರಿದು, ಸೊಸೆಯ ಬಾಗಿಲಿಗೆ ಹೋಗಿ, ತಾನೊಂದು ಗುಟುಕು ಕುಡಿದು, ಎರಡು ಕೈಯಲ್ಲಿ ಕೊಟ್ಟಳು. ಜೋವಿಯ ಎರಡು ಕೈಯಲ್ಲಿ ತೆಗೆದುಕೊಂಡು ಪೂರ್ತಿ ಕುಡಿದಳು. ಅಂದಿನಿಂದ ಒಂದು ದಿನವೂ ಅದು ತಪ್ಪಲಿಲ್ಲ.

ಅಂಬಲಿಯಲ್ಲಿ ತೋರುತ್ತಿದ್ದ ಹದವನ್ನೆಲ್ಲ ಅವಳು ಈಗ ತಟ್ಟೆಗೆ ತಿರುಗಿಸಿದಳು. ಗೆಣಸಿನ ಮುಷ್ಟಿ ಯಾರದು, ಎನೋಸನದೋ ಜೋವಿಯಳದೋ ಎಂದು ದಾದಿಯನ್ನೇ ಕೇಳಿ ಬಂದಳು. ತಿನ್ನುವವಳ ಮುಷ್ಟಿ ಎಂದು ಉತ್ತರ ಬಂತು. ಊಟವಾದ ಮೇಲೆ ಸೊಸೆಯನ್ನು ನೀರಿನ ಒರತೆಯವರೆಗೆ ನಡೆಸಿಕೊಂಡು ಹೋಗಿ ಬರುವಳು. ನೆರೆಮನೆಯ ಪೆರಾಜಿಯಳ ಅಂಗಳದ ಮುಂದೆಯೇ ಆ ದಾರಿ.

"ಏನ್ ಕೆಬಿರುಂಗಿ, ಜೋಳ ತೀರಿಹೋಯ್ತಾ?" ಎಂದಳು ಪೆರಾಜಿಯ ಒಂದು ದಿನ. "ಬಸುರಿಗೆ ಬಿಸಿನೀರು ಕುಡಿಸೋ ಅತ್ತೇನ ನಾನು ಇದೇ ಮೊದಲು ನೋಡಿದ್ದು. ಹೊಟ್ಟೆ ನೋಡು, ಮುದುರಿಕೊಂಡಿದೆ."

"ಚೆನ್ನಾಗಿ ನೋಡ್ಕೊ," ಎಂದಳು ಕೆಬಿರುಂಗಿ, ನಡಿಗೆ ನಿಲ್ಲಿಸದೆ. "ಹೋದ ಸಲ ಹೊಗಳಿದ್ರಲ್ಲ, ಈ ಸಲ ಬಯ್ಯಿರಿ. ಬಯ್ದ್ರೆ ಕಣ್ಣು ಬೀಳಲ್ಲ."

ಎರಡು ವಾರದಲ್ಲಿ ಬೆಳಗಿನ ಲೆಕ್ಕ ಐದಕ್ಕೆ ಇಳಿಯಿತು, ಊಟದ ನಂತರದ್ದೂ ಹಿಡಿತದಲ್ಲಿ ನಿಂತಿತು. ಸೂಜಿಯ ಮಾತು ಮತ್ತೆ ಬರಲಿಲ್ಲ. ಆದರೂ ಹೆರಿಗೆ ಮಾತ್ರ ಕಬಾಲೆಯಲ್ಲೇ ಆಗಬೇಕು, ನೋವು ಬರುವವರೆಗೆ ಗುಡ್ಡದ ಮೇಲೆ ಕಾಯಬೇಡಿ ಎಂದು ಪ್ರಿಸ್ಕ ಕಟ್ಟುನಿಟ್ಟಾಗಿ ಹೇಳಿದಳು. ದಿನ ಹತ್ತಿರ ಬಂದಾಗ ಡೋಲಿ ಸಂಘದ ಗಂಡಸರು ತಾವಾಗಿ ಬಂದು ನಿಂತರು. ಜೋವಿಯ ಡೋಲಿ ಹತ್ತಲಿಲ್ಲ. ಅತ್ತೆಯ ಹೆಗಲು ಹಿಡಿದು, ನಿಧಾನಕ್ಕೆ, ತನ್ನ ಕಾಲಮೇಲೆ ಗುಡ್ಡ ಇಳಿದಳು. ಹೋದ ಸಲ ಅವಳ ತಲೆಯ ಕಡೆ ಹೆಗಲು ಕೊಟ್ಟಿದ್ದ ಮುದುಕನೊಬ್ಬ ಖಾಲಿ ಡೋಲಿ ಹೊತ್ತು ರಸ್ತೆಯವರೆಗೂ ಹಿಂದೆಯೇ ಬಂದ. ಡೋಲಿ ಇಷ್ಟು ಹಗುರವಾಗಿ ಈ ದಾರಿ ಇಳಿದದ್ದು ಇದೇ ಮೊದಲು ಎಂದ.

ಮಗು ಹೆಣ್ಣು. ಮೂರು ಕಿಲೊ ಇನ್ನೂರು ಗ್ರಾಂ. ಭುಜ ಎಲ್ಲೂ ತಡೆಯಲಿಲ್ಲ. ಹುಟ್ಟಿದ ಕೂಡಲೇ ಅತ್ತದ್ದು ಕೆಬಿರುಂಗಿಗೆ ಹೊರಗಿನ ಬೆಂಚಿಗೆ ಕೇಳಿಸಿತು. ಒಂದು ಗಂಟೆಯೊಳಗೆ ಮೊಲೆಗೆ ಹಾಕಿಸಿದರು. ಇಂಥ ತಾಯಂದಿರ ಮಕ್ಕಳಿಗೆ ಹುಟ್ಟಿದ ಮೇಲೆ ಸಕ್ಕರೆ ಇಳಿದುಬಿಡುವುದುಂಟು ಎಂದು ಹೇಳಿ, ಅಂಗೈಯಷ್ಟೂ ಇಲ್ಲದ ಆ ಹಿಮ್ಮಡಿಯನ್ನು ಆ ದಿನ ಮೂರು ಸಲ ಚುಚ್ಚಿ ನೋಡಿದರು. ಮೊದಲನೆಯ ಸಲ ಕೆಬಿರುಂಗಿ ಅಡ್ಡ ಕೈ ಚಾಚಿದಳು. ಎರಡನೆಯ ಸಲ ತಾನೇ ಕಾಲು ಹಿಡಿದುಕೊಟ್ಟಳು. ಮೂರನೆಯ ಸಲ ಅಂಕಿಯನ್ನು ತನಗೂ ತೋರಿಸಿ ಎಂದಳು.

ಆರು ವಾರದ ಮೇಲೆ ಒಂದು ಮಂಗಳವಾರ ಮೂವರೂ ಮತ್ತೆ ಆರೋಗ್ಯ ಕೇಂದ್ರಕ್ಕೆ ಹೋದರು. ಹೆತ್ತ ಮೇಲೆ ಕಾಯಿಲೆ ಉಳಿದಿದೆಯೋ ಹೋಯಿತೋ ಎಂದು ನೋಡಿಕೊಳ್ಳಬೇಕಿತ್ತು. ಬೆಂಚು ತುಂಬಿತ್ತು. ಪ್ರಿಸ್ಕ ಬಸುರಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಈಗ ಮೂರು ಪ್ರಶ್ನೆ ಕೇಳುತ್ತಿದ್ದಳು. ತಿಂದಿರಾ? ಟೀ ಕುಡಿದಿರಾ? ಅತ್ತೆ ಬಟ್ಟಲು ಕೊಟ್ಟರಾ? ಮೂರನೆಯದಕ್ಕೆ ಬೆಂಚು ಗೊಳ್ಳೆಂದು ನಕ್ಕಿತು. ನಕ್ಕವರಲ್ಲೇ ಇಬ್ಬರು ನಾಚಿ, ನಾಳೆ ಬರುತ್ತೇವೆ ಎಂದು ಎದ್ದು ಹೋದರು.

ಜೋವಿಯಳಿಗೆ ಮತ್ತೆ ಅದೇ ಸಕ್ಕರೆ ನೀರು. ಕೆಬಿರುಂಗಿ ತನಗೂ ಒಂದು ಚಮಚ ಬೇಕೆಂದು ಹಠ ಹಿಡಿದು, ರುಚಿ ನೋಡಿ ಮುಖ ಕಿವುಚಿದಳು. "ಇದನ್ನ ಯಾರು ಮಾಡಿದ್ದು? ಸಿಹಿ ಇದೆ, ಹದ ಇಲ್ಲ," ಎಂದಳು. ಎರಡು ಗಂಟೆ ಕಾದರು. ಮೊಮ್ಮಗಳು ಅವಳ ಬೆನ್ನಿನ ಮೇಲೆ ನಿದ್ದೆ ಮಾಡುತ್ತಿದ್ದಳು.

ಲೆಕ್ಕ ಸರಿಯಾಗಿತ್ತು. ಕಾಯಿಲೆ ಹೋಗಿದೆ, ಆದರೆ ಮುಂದೆ ಮತ್ತೆ ಬರಬಹುದು, ವರ್ಷಕ್ಕೊಮ್ಮೆ ತಪ್ಪದೆ ಬಂದು ತೋರಿಸಿ, ಇನ್ನೊಂದು ಬಸುರಾದರೆ ಮೊದಲ ತಿಂಗಳಲ್ಲೇ ಬನ್ನಿ ಎಂದು ಪ್ರಿಸ್ಕ ಹೇಳಿದಳು. ಕೆಬಿರುಂಗಿ ತಲೆಯಾಡಿಸಿದಳು. ಆಮೇಲೆ ಶಾಲಿನಡಿಯಿಂದ ಬುರುಡೆ ತೆಗೆದಳು. ಬಾಯಿಗೆ ಕಟ್ಟಿದ ಬಾಳೆ ಎಲೆ ಬೆಳಗ್ಗೆ ಕಟ್ಟಿದ ಹಾಗೇ ಇತ್ತು. ಬಿಚ್ಚಿ, ಬಟ್ಟಲಿಗೆ ಸುರಿದು, ಒಂದು ಗುಟುಕು ತಾನು ಕುಡಿದು, ಎರಡು ಕೈಯಲ್ಲಿ ದಾದಿಗೆ ಕೊಟ್ಟಳು.

ಪ್ರಿಸ್ಕ ನಿಂತಲ್ಲೇ ಪೂರ್ತಿ ಕುಡಿದಳು. ಮುಗಿದ ಮೇಲೆ ಕಣ್ಣು ಕಿರಿದು ಮಾಡಿ, "ಅವ್ವಾ, ಇದು ಆವತ್ತಿನ ಹಾಗಿಲ್ಲ. ಬಹಳ ಹುಳಿ," ಎಂದಳು.

"ನಾಲ್ಕು ದಿನದ್ದು," ಎಂದಳು ಕೆಬಿರುಂಗಿ. "ಸಿಹಿ ಕೊಟ್ಟಾಗ ನೀವು ಕುಡೀಲಿಲ್ಲವಲ್ಲ ತಾಯಿ. ನೀವು ಕುಡೀಲಿಲ್ಲ ಅಂತಲೇ ಇವಳು ನನ್ನ ಬೆನ್ನ ಮೇಲಿದಾಳೆ."

ಖಾಲಿ ಬಟ್ಟಲನ್ನು ಪ್ರಿಸ್ಕ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟಳು. ಕೆಬಿರುಂಗಿ ಮತ್ತೆ ಅದನ್ನು ತುಂಬಿ ಒಂದು ಗುಟುಕು ಕುಡಿದಳು. ಈ ಸಲ ಜೋವಿಯಳ ಕಡೆಗೆ ಚಾಚಿದಳು. ಜೋವಿಯ ದಾದಿಯ ಮುಖ ನೋಡಿದಳು. ದಾದಿ ಎರಡು ಬೆರಳು ಅಡ್ಡ ಹಿಡಿದು ಅಳತೆ ತೋರಿಸಿದಳು. ಅಷ್ಟನ್ನೇ ಕುಡಿದು ಜೋವಿಯ ಬಟ್ಟಲನ್ನು ಅತ್ತೆಗೆ ಕೊಟ್ಟಳು, ಉಳಿದದ್ದನ್ನು ಅತ್ತೆ ಕುಡಿದಳು.